ಶರ್ಮನ್ ಟ್ಯಾಂಕಿನಿಂದ ಫೈರ್‌ಫ್ಲೈ: ರೆಸಿನ್ ಪರಿವರ್ತನಾ ಕಿಟ್ಟಿನ ಕೆಲಸ

ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯವು ಅಮೆರಿಕದಿಂದ ಬಂದ ಶರ್ಮನ್ ಟ್ಯಾಂಕಿನ ಟರೆಟ್ಟಿನೊಳಗೆ, ಅಂದರೆ ತೋಪನ್ನು ಹೊತ್ತು ಸುತ್ತ ತಿರುಗುವ ಮೇಲ್ಭಾಗದೊಳಗೆ, ತನ್ನದೇ ಹದಿನೇಳು ಪೌಂಡರ್ ಎಂಬ ತೋಪನ್ನು ಕೂರಿಸಿ ಮಾಡಿಕೊಂಡ ವಾಹನಕ್ಕೆ ಫೈರ್‌ಫ್ಲೈ ಎಂಬ ಹೆಸರು ನಿಂತಿತು. ಅದು ಹೊಸದಾಗಿ ತಯಾರಾದ ಟ್ಯಾಂಕಲ್ಲ. ಇದ್ದ ಟ್ಯಾಂಕನ್ನೇ ಕಾರ್ಖಾನೆಯಲ್ಲಿ ಕೊಯ್ದು, ಬೆಸೆದು, ಕೆಲವನ್ನು ಕಿತ್ತು, ಕೆಲವನ್ನು ಸೇರಿಸಿ ಮಾಡಿದ್ದು. ರೆಸಿನ್ ಪರಿವರ್ತನಾ ಕಿಟ್ಟನ್ನು, ಅಂದರೆ ಅಂಗಡಿಯ ಪ್ಲಾಸ್ಟಿಕ್ ಟ್ಯಾಂಕ್ ಮಾದರಿಯನ್ನು ಬೇರೊಂದು ಬಗೆಯದಾಗಿಸುವ ರೆಸಿನ್ (ಎರಕ ಹೊಯ್ಯುವ ರಾಳ) ತುಂಡುಗಳ ಪೊಟ್ಟಣವನ್ನು, ಮೊದಲ ಸಲ ಕೈಗೆತ್ತಿಕೊಳ್ಳುವವರಿಗೆ ನಾನು ಈ ವಾಹನವನ್ನೇ ಸೂಚಿಸುವುದಕ್ಕೆ ಕಾರಣ ಇದು: ಪೊಟ್ಟಣದಲ್ಲಿರುವ ಪ್ರತಿಯೊಂದು ರೆಸಿನ್ ತುಂಡಿನ ಹಿಂದೆಯೂ ಆ ಕಾರ್ಖಾನೆಯಲ್ಲಿ ನಡೆದ ಒಂದು ನಿಜವಾದ ಕೆಲಸವಿದೆ. ಆ ಕೆಲಸ ಏಕೆ ನಡೆಯಿತೆಂದು ತಿಳಿದಿದ್ದರೆ, ತುಂಡು ಎಲ್ಲಿ ಕೂರಬೇಕು, ಪ್ಲಾಸ್ಟಿಕ್ಕನ್ನು ಎಲ್ಲಿ ಕೊಯ್ಯಬೇಕು ಎಂಬುದು ಸೂಚನಾ ಹಾಳೆಯ ಮಸುಕಾದ ಚಿತ್ರಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ಮೊದಲ ನಿರ್ಧಾರ ತಳಹದಿಯ ಪ್ಲಾಸ್ಟಿಕ್ ಕಿಟ್ ಯಾವುದೆಂಬುದು. ಹೆಚ್ಚು ಮಾದರಿಗಳು ಹಾಳಾಗುವುದು ಇಲ್ಲಿಯೇ. ಫೈರ್‌ಫ್ಲೈ ವಿಸಿ ಎಂದು ಕರೆಯುವ ಬಗೆಯು ಎಂ4ಎ4 ಶರ್ಮನ್ನಿನ ಮೇಲೆ ಆದದ್ದು. ಎಂ4ಎ4ಗೆ ಕ್ರೈಸ್ಲರ್ ಕಂಪನಿಯು ಐದು ಆರು-ಸಿಲಿಂಡರ್ ಎಂಜಿನ್ನುಗಳನ್ನು ಒಟ್ಟಿಗೆ ಜೋಡಿಸಿ ಮಾಡಿದ ಮೂವತ್ತು ಸಿಲಿಂಡರಿನ ಎಂಜಿನ್ ಇತ್ತು. ಅದು ಹಿಡಿಯಲೆಂದು ಒಡಲನ್ನು ಸುಮಾರು 28 ಸೆಂಟಿಮೀಟರ್ ಉದ್ದ ಮಾಡಲಾಯಿತು. 1/35 ಅಳತೆಯಲ್ಲಿ, ಅಂದರೆ ನಿಜವಾದ ಗಾತ್ರದ ಮೂವತ್ತೈದರಲ್ಲಿ ಒಂದು ಪಾಲಿನ ಮಾದರಿಯಲ್ಲಿ, ಇದು 8 ಮಿಲಿಮೀಟರ್. ಕಾಗದದ ಮೇಲೆ ಸಣ್ಣದೆನಿಸಿದರೂ, ಪಕ್ಕದಿಂದ ನೋಡಿದಾಗ ಚಕ್ರದ ಬೋಗಿಗಳ (ಜೋಡಿ ಚಕ್ರಗಳ ಚೌಕಟ್ಟುಗಳ) ನಡುವಿನ ಅಂತರ ಎದ್ದು ಕಾಣುತ್ತದೆ. ಬೇರೆ ಶರ್ಮನ್‌ಗಳ ಪ್ರತಿ ಪಕ್ಕದ ಸರಪಳಿಯಲ್ಲಿ 79 ಕೊಂಡಿಗಳಿದ್ದರೆ ಎಂ4ಎ4ದಲ್ಲಿ 83 ಇದ್ದವು. ಸರಪಳಿಯನ್ನು ಬೇರೆ ಕೊಳ್ಳುವವರು ಇದನ್ನು ನೆನಪಿಡಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಎಂ4ಎ3 ಕಿಟ್ಟಿನ ಮೇಲೆ ಇದೇ ಟರೆಟ್ಟನ್ನು ಕೂರಿಸಿದರೆ ಬ್ರಿಟಿಷ್ ಸೈನ್ಯ ಯುದ್ಧದಲ್ಲಿ ಬಳಸದ ವಾಹನವೊಂದು ಸಿದ್ಧವಾಗುತ್ತದೆ. ನನ್ನ ಮೊದಲ ಪ್ರಯತ್ನದಲ್ಲಿ ಇದೇ ತಪ್ಪು ಆಗಿತ್ತು. ತಿಂಗಳುಗಟ್ಟಲೆ ಮಾಡಿದ ಕೆಲಸ ತಳದಲ್ಲಿಯೇ ತಪ್ಪಿದೆಯೆಂದು ಬಣ್ಣ ಹಚ್ಚಿದ ಮೇಲೆ ತಿಳಿದಾಗ ಆದ ನೋವು ಇನ್ನೂ ನೆನಪಿದೆ.

ಭಾರತೀಯ ರೆಜಿಮೆಂಟುಗಳ ಶರ್ಮನ್ ಮಾಡಬೇಕೆನ್ನುವವರಿಗೆ ಒಂದು ಮಾತು. 1945ರಲ್ಲಿ ಬರ್ಮಾದ ಮೆಯ್ಕ್‌ಟಿಲಾದಲ್ಲಿ ಪ್ರೋಬಿನ್ಸ್ ಹಾರ್ಸ್ ಮತ್ತು ರಾಯಲ್ ಡೆಕ್ಕನ್ ಹಾರ್ಸ್ ಹೋರಾಡಿದ್ದು 75 ಮಿಲಿಮೀಟರ್ ತೋಪಿನ ಸಾಮಾನ್ಯ ಶರ್ಮನ್‌ಗಳಲ್ಲಿ. ಅದಕ್ಕೆ ಈ ಪರಿವರ್ತನೆ ಬೇಕಿಲ್ಲ.

ಪೊಟ್ಟಣ ತೆರೆದ ಕೂಡಲೇ ಅಂಟು ಹುಡುಕಬಾರದು. ರೆಸಿನ್ ತುಂಡುಗಳನ್ನು ಸಿಲಿಕೋನ್ ಅಚ್ಚಿನಲ್ಲಿ ಎರಕ ಹೊಯ್ದಿರುತ್ತಾರೆ. ಅಚ್ಚಿನಿಂದ ಬಿಡಿಸಲು ಬಳಸಿದ ಜಿಡ್ಡು ಮೇಲ್ಮೈಯಲ್ಲಿ ಉಳಿದಿರುತ್ತದೆ, ಅದು ಹೋಗದಿದ್ದರೆ ಬಣ್ಣ ಸಿಪ್ಪೆಯಾಗಿ ಏಳುತ್ತದೆ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರಾವಣ ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೃದುವಾಗಿ ಉಜ್ಜಿ, ಒಂದು ರಾತ್ರಿ ಒಣಗಲು ಬಿಡಬೇಕು. ಸಿಂಕಿನಲ್ಲಿ ತೊಳೆಯುವಾಗ ಕೆಳಗೊಂದು ಜರಡಿ ಇಟ್ಟುಕೊಂಡರೆ ಚಿಕ್ಕ ತುಂಡುಗಳು ಉಳಿಯುತ್ತವೆ.

ತೊಳೆದ ಮೇಲೆ ತುಂಡುಗಳನ್ನು ಬೆಳಕಿಗೆ ಹಿಡಿದು ನೋಡಿದರೆ ಮೂರು ಬಗೆಯ ದೋಷಗಳು ಕಾಣಬಹುದು. ಗಾಳಿಗುಳ್ಳೆಯ ತೂತುಗಳನ್ನು ಸೈನೋಅಕ್ರಿಲೇಟ್ ಅಂಟಿನ ಹನಿಯಿಂದಲೋ ಪುಟ್ಟಿಯಿಂದಲೋ ತುಂಬಬಹುದು. ಬಾಗಿದ ತುಂಡನ್ನು ಕುದಿಯದ, ಆದರೆ ಕೈ ಇಡಲಾಗದಷ್ಟು ಬಿಸಿಯಾದ ನೀರಿನಲ್ಲಿ ಅರ್ಧ ನಿಮಿಷ ಮುಳುಗಿಸಿ, ಚಿಮಟದಿಂದ ಎತ್ತಿ, ಗಾಜಿನ ಮೇಲೆ ನೇರ ಮಾಡಿ, ಕೂಡಲೇ ತಣ್ಣೀರಿಗೆ ಹಾಕಿದರೆ ಅದೇ ಆಕಾರದಲ್ಲಿ ನಿಲ್ಲುತ್ತದೆ. ಮೂರನೆಯದು ಕುಗ್ಗುವಿಕೆ. ರೆಸಿನ್ ಗಟ್ಟಿಯಾಗುವಾಗ ಸ್ವಲ್ಪ ಕಿರಿದಾಗುವುದರಿಂದ ಟರೆಟ್ಟಿನ ಬುಡದ ಉಂಗುರವು ಪ್ಲಾಸ್ಟಿಕ್ ಒಡಲಿನ ರಂಧ್ರದಲ್ಲಿ ಸಡಿಲವಾಗಬಹುದು. ಆಗ ಉಂಗುರದ ಸುತ್ತ ತೆಳುವಾದ ಪ್ಲಾಸ್ಟಿಕ್ ಪಟ್ಟಿ ಸುತ್ತಿ ಅಂಟಿಸುವುದೇ ಸರಿಯಾದ ದಾರಿ.

ಎರಕದ ಬುಡವನ್ನು, ಅಂದರೆ ರೆಸಿನ್ ಹೊಯ್ದ ಕಡೆ ಉಳಿದ ದಪ್ಪ ಗಟ್ಟಿಯನ್ನು, ಸಣ್ಣ ಹಲ್ಲಿನ ಗರಗಸದಿಂದ ತುಂಡಿನಿಂದ ಒಂದು ಮಿಲಿಮೀಟರ್ ದೂರದಲ್ಲಿ ಕೊಯ್ದು, ಉಳಿದದ್ದನ್ನು ಮರಳುಕಾಗದದಿಂದ ಇಳಿಸಬೇಕು. ಇಲ್ಲಿ ಯಾವ ರಿಯಾಯಿತಿಯೂ ಇಲ್ಲ: ರೆಸಿನ್ನಿನ ನುಣ್ಣನೆಯ ಧೂಳು ಶ್ವಾಸಕೋಶಕ್ಕೆ ಹಾನಿಕರ. ಎನ್95 ಮುಖಗವಸು ಹಾಕಿಕೊಂಡು, ನೀರಿನಲ್ಲಿ ಅದ್ದಿದ ಕಾಗದದಿಂದಲೇ ಉಜ್ಜಬೇಕು. ಮನೆಯಲ್ಲಿ ಮಕ್ಕಳಿದ್ದರೆ ಆ ನೀರನ್ನೂ ಒರೆಸಿದ ಬಟ್ಟೆಯನ್ನೂ ಆಗಲೇ ತೆಗೆದುಬಿಡಬೇಕು.

ಇನ್ನು ಅಂಟು. ಪ್ಲಾಸ್ಟಿಕ್ ಕಿಟ್‌ಗಳ ಅಂಟು ಪಾಲಿಸ್ಟೈರೀನನ್ನು ಕರಗಿಸಿ ಬೆಸೆಯುತ್ತದೆ, ಆದರೆ ರೆಸಿನ್ ಅದಕ್ಕೆ ಕರಗುವುದಿಲ್ಲ. ಸಣ್ಣ ತುಂಡುಗಳಿಗೆ ಫೆವಿಕ್ವಿಕ್ ಬಗೆಯ ಸೈನೋಅಕ್ರಿಲೇಟ್, ಭಾರ ಹೊರುವ ಅಥವಾ ಹೊಂದಿಸಲು ಸಮಯ ಬೇಕಾದ ಜಾಗಕ್ಕೆ ಅರಾಲ್ಡೈಟ್‌ನಂತಹ ಎರಡು ಭಾಗದ ಎಪಾಕ್ಸಿ. ಸೈನೋಅಕ್ರಿಲೇಟ್ ನೇರವಾಗಿ ಎಳೆದರೆ ಗಟ್ಟಿ, ಅಡ್ಡ ಪೆಟ್ಟಿಗೆ ದುರ್ಬಲ. ಆದ್ದರಿಂದ ನಳಿಗೆ, ಟರೆಟ್ಟಿನ ಹಿಂದಿನ ಪೆಟ್ಟಿಗೆ ಮುಂತಾದ ಭಾಗಗಳಿಗೆ ಎರಡೂ ಕಡೆ ಒಂದು ಮಿಲಿಮೀಟರ್ ರಂಧ್ರ ಕೊರೆದು ಹಿತ್ತಾಳೆ ತಂತಿಯ ಗೂಟ ಕೂರಿಸುವುದು ಒಳ್ಳೆಯದು. ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನ ತೇವದ ಗಾಳಿಗೆ ಈ ಅಂಟು ಬಹಳ ಬೇಗ ಹಿಡಿಯುತ್ತದೆ ಮತ್ತು ಸುತ್ತಲೂ ಬಿಳಿಯ ಮಂಜಿನಂತೆ ಹರಡುತ್ತದೆ. ಕಡಿಮೆ ಅಂಟು ಬಳಸಿ, ಗಾಳಿಯಾಡುವ ಕಡೆ ಇಟ್ಟರೆ ಇದು ತಗ್ಗುತ್ತದೆ.

ಈಗ ಪರಿವರ್ತನೆಯ ತಿರುಳಿಗೆ ಬರೋಣ. ಹದಿನೇಳು ಪೌಂಡರ್ ತೋಪು ಶರ್ಮನ್ ಟರೆಟ್ಟಿಗೆ ಹಿಡಿಸುವಂಥದ್ದಾಗಿರಲಿಲ್ಲ; ಅದು ಗುಂಡು ಹಾರಿಸಿದಾಗ ಹಿಂದಕ್ಕೆ ಬರುವ ದೂರಕ್ಕೇ ಒಳಗೆ ಜಾಗವಿರಲಿಲ್ಲ. ಬ್ರಿಟನ್ನಿನ ಶಸ್ತ್ರ ತಯಾರಿಕಾ ಕಂಪನಿ ವಿಕರ್ಸ್‌ನ ಎಂಜಿನಿಯರ್ ಕಿಲ್‌ಬರ್ನ್ ಆ ಹಿನ್ನೆಗೆತದ ವ್ಯವಸ್ಥೆಯನ್ನೇ ಬದಲಿಸಿದರು, ಎಡಗಡೆಯಿಂದ ಗುಂಡು ತುಂಬಲು ಬರುವಂತೆ ತೋಪಿನ ಹಿಂಬಾಯಿಯನ್ನು ತೊಂಬತ್ತು ಡಿಗ್ರಿ ಹೊರಳಿಸಲಾಯಿತು. ಹಿಂದೆ ಇದ್ದ ರೇಡಿಯೋಗೆ ಜಾಗವಿಲ್ಲದೆ, ಟರೆಟ್ಟಿನ ಹಿಂಗೋಡೆಯನ್ನು ಕೊಯ್ದು ಹೊರಗಡೆ ಉಕ್ಕಿನ ಪೆಟ್ಟಿಗೆ ಬೆಸೆದು ಅದರೊಳಗೆ ಇಟ್ಟರು. ನಿಮ್ಮ ಪೊಟ್ಟಣದ ದೊಡ್ಡ ಪೆಟ್ಟಿಗೆ ಇದೇ. ಹಿಂಬಾಯಿ ಅಡ್ಡವಾದ್ದರಿಂದ ಗುಂಡು ತುಂಬುವವನು ಬೇಗ ಹೊರಬರಲಾಗದೆ, ಅವನಿಗೆಂದು ಟರೆಟ್ಟಿನ ಚಾವಣಿಯ ಎಡಭಾಗದಲ್ಲಿ ಇನ್ನೊಂದು ಹ್ಯಾಚ್ (ಹೊರಬರುವ ಮೇಲ್ಬಾಗಿಲು) ಕೊಯ್ಯಲಾಯಿತು. ಮುಂದೆ ಕೂರುತ್ತಿದ್ದ ಮೆಷಿನ್‌ಗನ್ ಚಾಲಕನ ಜಾಗವನ್ನು ಮದ್ದುಗುಂಡಿಗೆ ಬಿಟ್ಟುಕೊಟ್ಟು, ಅವನ ಗನ್ನಿನ ಕಂಡಿಯನ್ನು ಉಕ್ಕಿನ ತುಂಡಿನಿಂದ ಮುಚ್ಚಿದರು.

ಇದೇ ಕ್ರಮದಲ್ಲಿ ಕೆಲಸ ಮಾಡಿ. ಒಡಲಿನ ಮುಂಭಾಗದ ಗನ್ನಿನ ಗೋಳವನ್ನು ಅರದಿಂದ ಸಮತಟ್ಟಾಗಿಸಿ, ರೆಸಿನ್ ಮುಚ್ಚಳ ಅಂಟಿಸಿ, ಅದರ ಸುತ್ತ ಬೆಸುಗೆಯ ಗೆರೆ ತೋರಿಸಿ. ಎಪಾಕ್ಸಿ ಪುಟ್ಟಿಯ ಕೂದಲೆಳೆಯಷ್ಟು ತೆಳುವಾದ ಎಳೆಯನ್ನು ಇಟ್ಟು, ಸೂಜಿಯ ಮೊನೆಯಿಂದ ಒತ್ತುತ್ತಾ ಹೋದರೆ ಬೆಸುಗೆ ನೈಜವಾಗಿ ಕಾಣುತ್ತದೆ. ಹ್ಯಾಚ್ ಕೊಯ್ಯಬೇಕಾದ ಕಿಟ್ ಆಗಿದ್ದರೆ, ರೆಸಿನ್ ಚೌಕಟ್ಟನ್ನೇ ಚಾವಣಿಯ ಮೇಲಿಟ್ಟು ಪೆನ್ಸಿಲಿನಿಂದ ಗುರುತಿಸಿ, ಗೆರೆಯ ಒಳಗಡೆ ಸಾಲಾಗಿ ರಂಧ್ರ ಕೊರೆದು, ಚಾಕುವಿನಿಂದ ಅವುಗಳನ್ನು ಕೂಡಿಸಿ ತೆಗೆದು, ಕೊನೆಗೆ ಅರದಿಂದ ಗೆರೆಯವರೆಗೆ ಬನ್ನಿ. ಹೆಚ್ಚು ಕೊಯ್ದ ಪ್ಲಾಸ್ಟಿಕ್ಕನ್ನು ಮತ್ತೆ ತುಂಬುವುದು ಕಷ್ಟ. ಹಿಂದಿನ ಪೆಟ್ಟಿಗೆಯನ್ನು ಮಾತ್ರ ಟರೆಟ್ಟಿನ ವಕ್ರತೆಗೆ ಹೊಂದುವವರೆಗೂ ಅಂಟಿಸಬೇಡಿ. ಟರೆಟ್ಟಿನ ಹಿಂಭಾಗಕ್ಕೆ ಮರಳುಕಾಗದವನ್ನು ಸುತ್ತಿ, ಅದರ ಮೇಲೆಯೇ ಪೆಟ್ಟಿಗೆಯ ಅಂಚನ್ನು ಉಜ್ಜಿದರೆ ಎರಡು ಮೇಲ್ಮೈಗಳೂ ಒಂದೇ ವಕ್ರತೆಗೆ ಬರುತ್ತವೆ.

ನಳಿಗೆಯ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ರೆಸಿನ್ ನಳಿಗೆಯನ್ನು ಬಿಟ್ಟು, ಕಡೆದ ಅಲ್ಯೂಮಿನಿಯಂ ನಳಿಗೆ ಬಳಸಿ. ರೆಸಿನ್ನಿನದು ವರ್ಷಗಳಲ್ಲಿ ನಿಧಾನವಾಗಿ ಜೋತುಬೀಳುತ್ತದೆ. 76.2 ಮಿಲಿಮೀಟರ್ ವ್ಯಾಸದ ಈ ತೋಪಿನ ನಳಿಗೆ ವ್ಯಾಸದ 55 ಪಟ್ಟು, ಅಂದರೆ ಸುಮಾರು 4.19 ಮೀಟರ್ ಉದ್ದ. 1/35ರಲ್ಲಿ 120 ಮಿಲಿಮೀಟರ್. ಇದರ ಒಂದು ಭಾಗ ಟರೆಟ್ಟಿನೊಳಗಿರುವುದರಿಂದ ಹೊರಗೆ ಕಾಣುವುದು ಅದಕ್ಕಿಂತ ಕಡಿಮೆ. ಅಳೆಯುವಾಗ ಮೋಸ ಹೋಗಬೇಡಿ. ಲೋಹದ ನಳಿಗೆಯಿಂದ ಟರೆಟ್ಟು ಮುಂದಕ್ಕೆ ವಾಲುವುದರಿಂದ ಹಿಂದಿನ ಪೆಟ್ಟಿಗೆಯೊಳಗೆ ಮೀನುಗಾರರ ಸೀಸದ ಗುಂಡನ್ನು ಎಪಾಕ್ಸಿಯಲ್ಲಿ ಕೂರಿಸಿ. ನಿಜವಾದ ಟ್ಯಾಂಕಿನಲ್ಲಿಯೂ ಆ ಪೆಟ್ಟಿಗೆ ತೋಪಿನ ಭಾರಕ್ಕೆ ಸಮತೂಕವಾಗಿತ್ತು.

ಬಣ್ಣಕ್ಕೆ ಮೊದಲು ಇಡೀ ಮಾದರಿಗೆ ಬೂದು ಪ್ರೈಮರ್ (ಬಣ್ಣದ ಕೆಳಗಿನ ಮೊದಲ ಲೇಪ) ಹೊಡೆಯಬೇಕು. ರೆಸಿನ್, ಪ್ಲಾಸ್ಟಿಕ್, ಲೋಹ ಮೂರೂ ಒಂದೇ ಬಣ್ಣಕ್ಕೆ ಬಂದಾಗಲೇ ಅಡಗಿದ್ದ ಬಿರುಕು, ಗರಗಸದ ಗೀರುಗಳು ಕಾಣುತ್ತವೆ; ತಿದ್ದಿ ಮತ್ತೊಮ್ಮೆ ಪ್ರೈಮರ್ ಹಾಕಬೇಕು. 1944ರ ನಾರ್ಮಂಡಿಯ ವಾಹನಕ್ಕೆ ಬ್ರಿಟಿಷರ ಎಸ್‌ಸಿಸಿ 15 ಎಂಬ ಆಲಿವ್ ಹಸಿರು ಹೊಂದುತ್ತದೆ. ಕೊನೆಯದಾಗಿ ನಳಿಗೆ. ಸಾಮಾನ್ಯವಾಗಿ ನಾಲ್ಕು ಟ್ಯಾಂಕುಗಳ ಪ್ರತಿ ತುಕಡಿಯಲ್ಲಿ ಒಂದು ಮಾತ್ರ ಫೈರ್‌ಫ್ಲೈ ಇರುತ್ತಿತ್ತು, ಜರ್ಮನರು ಉದ್ದ ನಳಿಗೆಯನ್ನು ಗುರುತಿಸಿ ಮೊದಲು ಅದಕ್ಕೇ ಗುರಿಯಿಡುತ್ತಿದ್ದರು. ಹಾಗಾಗಿ ಹಲವು ಸಿಬ್ಬಂದಿ ನಳಿಗೆಯ ಮುಂದಿನ ಅರ್ಧದ ಕೆಳಭಾಗಕ್ಕೆ ಅಲೆಯಂಚಿನ ಬಿಳಿ ಬಣ್ಣ ಬಳಿದು, ದೂರದಿಂದ ಅದು ಮೋಟಾಗಿ ಕಾಣುವಂತೆ ಮಾಡಿಕೊಂಡರು. ಬಿಳಿಯನ್ನು ಮೊದಲು ಹಚ್ಚಿ, ಅಲೆಯಂಚನ್ನು ಅಂಟುವ ಪುಟ್ಟಿಯ ಹುರಿಯಿಂದ ಮುಚ್ಚಿ, ಮೇಲೆ ಹಸಿರು ಸಿಂಪಡಿಸಿ, ಹುರಿಯನ್ನು ಹಸಿರು ಪೂರ್ತಿ ಒಣಗುವ ಮೊದಲೇ ಎತ್ತಿದರೆ ಅಂಚು ಮೃದುವಾಗಿ ಉಳಿಯುತ್ತದೆ.