ಕಾರಿಲ್ಲದೆ ಈಡೇಲ್ ಕಣಿವೆ: ಅಪ್ಪ ಅಮ್ಮನ ಜೊತೆ ಗುಡ್ಡ ದಾಟಿದ್ದು

ಕಾರಿಲ್ಲದೆ ಅಪ್ಪ ಅಮ್ಮನನ್ನು ಪೀಕ್ ಡಿಸ್ಟ್ರಿಕ್ಟ್ ಗುಡ್ಡಗಾಡಿನ ಈಡೇಲ್‌ಗೆ ಕರೆದುಕೊಂಡು ಹೋಗೋದು ಆಗದ ಮಾತು ಅಂತ ಇಂಗ್ಲೆಂಡಿನ ಶೆಫೀಲ್ಡ್‌ನ ನಮ್ಮ ಕನ್ನಡದ ಗೆಳೆಯರೆಲ್ಲ ಹೇಳಿದ್ದರು. ಅಪ್ಪನಿಗೆ ಎಪ್ಪತ್ತು ದಾಟಿದೆ, ಬಲ ಮಂಡಿ ನೋವು. ಅಮ್ಮ ಸೀರೆ ಬಿಟ್ಟು ಬೇರೆ ಉಡುವವಳಲ್ಲ. ಆದರೂ ಹೋಗಿ ಬಂದೆವು. ಹೋಗಿದ್ದು ಮಾತ್ರವಲ್ಲ, ಈಡೇಲ್ ಕಡೆಯಿಂದ ಗುಡ್ಡ ಹತ್ತಿ ಆಚೆ ಕಣಿವೆಯ ಕ್ಯಾಸಲ್‌ಟನ್ ಹಳ್ಳಿಗೆ ಇಳಿದೆವು. ಬೇಸಿಗೆಗೆ ಊರಿಂದ ಅಪ್ಪ ಅಮ್ಮ ಬರುವ ಮನೆಗಳು ಇಲ್ಲಿ ಸುಮಾರಿವೆ. ಅವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಸೋತ ಪ್ಲಾನುಗಳ ಕಥೆ.

ಎಲ್ಲರ ಸಲಹೆ ಬಾಡಿಗೆ ಕಾರು. ಮೇ ತಿಂಗಳ ಒಂದು ಭಾನುವಾರ ಹಾಗೇ ಹೋದೆವು. ಹತ್ತೂವರೆ ಹೊತ್ತಿಗೆ ಮ್ಯಾಮ್ ಟಾರ್ ಗುಡ್ಡದ ಕೆಳಗಿನ ಪಾರ್ಕಿಂಗ್ ತುಂಬಿ ಹೋಗಿತ್ತು. ರಸ್ತೆ ಪಕ್ಕದಲ್ಲೂ ಸಾಲುಗಟ್ಟಿ ಕಾರುಗಳು. ಈಡೇಲ್‌ಗೆ ಇಳಿಯುವ ರಸ್ತೆ ಇಕ್ಕಟ್ಟು, ಎದುರಿಗೆ ಗಾಡಿ ಬಂದರೆ ಒಬ್ಬರು ಹಿಂದೆ ಸರಿಯಲೇಬೇಕು. ಅಪ್ಪ ಅಮ್ಮ ಕಣಿವೆಯನ್ನು ಕಾರಿನ ಕಿಟಕಿಯಿಂದ ನೋಡಿ ವಾಪಸ್ ಬಂದರು. ಬಾಡಿಗೆ, ಇನ್ಶೂರೆನ್ಸ್, ಪೆಟ್ರೋಲ್, ಕ್ಯಾಸಲ್‌ಟನ್‌ನಲ್ಲಿ ಕೊನೆಗೂ ಸಿಕ್ಕ ಪಾರ್ಕಿಂಗ್ ಎಲ್ಲ ಸೇರಿ ನೂರು ಪೌಂಡ್ ದಾಟಿತು. ಅಮ್ಮ ಅದನ್ನು ರೂಪಾಯಿಗೆ ತಿರುಗಿಸಿ ಲೆಕ್ಕ ಹಾಕಿದಳು. ಆಮೇಲೆ ಕಾರಿನ ಮಾತೇ ಎತ್ತಲಿಲ್ಲ.

ಎರಡನೆಯದು ಗ್ರೈಂಡ್ಸ್‌ಬ್ರುಕ್, ಈಡೇಲ್‌ನಿಂದ ಹಳ್ಳದ ಗುಂಟ ಮೇಲೆ ಹತ್ತುವ ದಾರಿ. ಕೆಳಗಿನ ಭಾಗ ನಿಜಕ್ಕೂ ಚೆನ್ನಾಗಿದೆ, ಮರದ ನೆರಳು, ಪಕ್ಕದಲ್ಲೇ ಹಳ್ಳ. ಆದರೆ ಮೇಲೆ ಹೋದ ಹಾಗೆ ದಾರಿಯೇ ಹಳ್ಳವಾಗುತ್ತದೆ. ಬಂಡೆ ಹಿಡಿದು ಹತ್ತಬೇಕು. ಮಳೆ ಹನಿಯಿತು, ಅಮ್ಮನ ಸೀರೆಯ ಅಂಚು ಒದ್ದೆಯಾಯಿತು, ತಿರುಗಿ ಬಂದೆವು. ಮೂರನೆಯದು ಒಬ್ಬ ಟ್ರೆಕ್ಕಿಂಗ್ ಗೆಳೆಯನ ಪ್ಲಾನು: ಜೇಕಬ್ಸ್ ಲ್ಯಾಡರ್ ಅನ್ನೋ ಕಲ್ಲುಮೆಟ್ಟಿಲ ದಾರಿ ಹತ್ತಿ, ಈಡೇಲ್ ಪಕ್ಕದ ದೊಡ್ಡ ಗುಡ್ಡ ಕಿಂಡರ್ ಸ್ಕೌಟ್‌ನ ಅಂಚಿಗೆ. ಹತ್ತುವಾಗ ಅಪ್ಪ ಸಲೀಸಾಗಿ ಹತ್ತಿದರು. ಮೇಲೆ ಮೋಡ ಕವಿದು ಹತ್ತು ಮಾರು ದೂರವೂ ಕಾಣಲಿಲ್ಲ. ಇಳಿಯುವಾಗ ಕಲ್ಲಿನ ಮೆಟ್ಟಿಲು ಅವರ ಮಂಡಿಯನ್ನು ತಿಂದು ಹಾಕಿತು. ವಾರ ಪೂರ್ತಿ ನೋವಿನೆಣ್ಣೆ. ಕಿಂಡರ್ ಮೇಲ್ಭಾಗ 600 ಮೀಟರ್ ದಾಟುತ್ತದೆ, ತುದಿ 636. ಸ್ಟೇಷನ್ ಹತ್ತಿರ ಬಿಸಿಲಿದ್ದರೂ ಅಲ್ಲಿ ಮೋಡ ಕೂತಿರೋದು ಮಾಮೂಲು.

ಇಷ್ಟಾದ ಮೇಲೆ ನನಗೆ ಹೊಳೆದದ್ದು ಒಂದೇ ವಿಷಯ. ನಾವೆಲ್ಲ ಟ್ರೆಕ್ಕಿಂಗ್ ಮಾಡುವವರ ದಾರಿ ಹಿಡಿಯುತ್ತಿದ್ದೇವೆ. ಈ ಕಣಿವೆಯ ಜನ ದಿನದ ಕೆಲಸಕ್ಕೆ ಓಡಾಡಿದ ದಾರಿ ಯಾವುದು? ಉತ್ತರ ಹಾಲಿನ್ಸ್ ಕ್ರಾಸ್, ಈಡೇಲ್ ಮತ್ತು ಕ್ಯಾಸಲ್‌ಟನ್ ನಡುವಿನ ಗುಡ್ಡ ದಾಟುವ ಜಾಗ. ಈಡೇಲ್‌ನಲ್ಲಿ 1790ರ ದಶಕದಲ್ಲಿ ಹತ್ತಿ ಗಿರಣಿ ಶುರುವಾಯಿತು. ಕ್ಯಾಸಲ್‌ಟನ್ ಕಡೆಯ ಹೆಂಗಸರು ಈ ಗುಡ್ಡ ದಾಟಿ ಕೆಲಸಕ್ಕೆ ಬರುತ್ತಿದ್ದರು. ಅದಕ್ಕೂ ಮುಂಚೆ, ಈಡೇಲ್‌ನಲ್ಲಿ ಚರ್ಚ್ ಇಲ್ಲದ ಕಾಲದಲ್ಲಿ, ಸತ್ತವರನ್ನು ಮಣ್ಣು ಮಾಡಲು ಇದೇ ದಾರಿಯಲ್ಲಿ ಕ್ಯಾಸಲ್‌ಟನ್‌ಗೆ ಹೊತ್ತೊಯ್ಯುತ್ತಿದ್ದರು. ಹೆಣದ ಪೆಟ್ಟಿಗೆ ಹೊತ್ತು ದಾಟಿದ ದಾರಿ ಅಂದರೆ ಬಂಡೆ ಹಿಡಿದು ಹತ್ತುವ ದಾರಿ ಆಗಿರಲ್ಲ ಅಲ್ವಾ? ನಕ್ಷೆ ತೆಗೆದು ನೋಡಿದೆ. ಹಳ್ಳಿಯಿಂದ ಏರು ಬರೀ 150 ಮೀಟರ್ ಆಸುಪಾಸು. ಎರಡು ಕಣಿವೆಗಳ ನಡುವೆ ಗುಡ್ಡದ ಸಾಲು ತಗ್ಗಾಗುವ ಜಾಗ ಅದೇ. ಗೆಳೆಯರಿಗೆ ಹೇಳಿದರೆ, "ಒಮ್ಮೆ ಮಂಡಿ ಕೆಟ್ಟಿದೆ, ಮತ್ತೆ ಯಾಕೆ ಸುಮ್ನೆ?" ಅಂದರು.

ವಾರದ ನಡುವೆ ಹೊರಟೆವು. ಭಾನುವಾರ ರೈಲು ರದ್ದಾಗಿ ಪ್ಲಾಟ್‌ಫಾರ್ಮ್ ಮೇಲೆ ಕೂತ ಅನುಭವ ಆಗಲೇ ಆಗಿತ್ತು. ಶೆಫೀಲ್ಡ್‌ನಿಂದ ಒಂಬತ್ತೂವರೆ ನಂತರದ ರೈಲು, ಈಡೇಲ್‌ಗೆ ಅರ್ಧ ಗಂಟೆ ಚಿಲ್ಲರೆ. ಟಾಟ್ಲಿ ಸುರಂಗ ಐದೂವರೆ ಕಿಲೋಮೀಟರ್‌ಗೂ ಉದ್ದ. ಸುರಂಗ ದಾಟಿದರೆ ಆಚೆ ಬೇರೆಯದೇ ಲೋಕ. ಈ ರೈಲು ದಾರಿ 1894ರದ್ದು. ಅಪ್ಪ ಅಮ್ಮನಿಗೆ ಸೀನಿಯರ್ ರೈಲ್‌ಕಾರ್ಡ್ ಮಾಡಿಸಿದ್ದೆ. ಇದು ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ: 60 ದಾಟಿದ್ದರೆ ಸಾಕು, ಇಲ್ಲಿನ ಪ್ರಜೆ ಆಗಿರಬೇಕಿಲ್ಲ. ಸ್ಟೇಷನ್ ಕೌಂಟರ್‌ನಲ್ಲಿ ಪಾಸ್‌ಪೋರ್ಟ್ ತೋರಿಸಿದರೆ ಆಯಿತು. ಟಿಕೆಟ್‌ನಲ್ಲಿ ಮೂರನೇ ಒಂದು ಭಾಗ ಉಳಿಯುತ್ತದೆ. ಎರಡು ಮೂರು ತಿಂಗಳು ಇರುವವರಿಗೆ ಕಾರ್ಡಿನ ದುಡ್ಡು ಬೇಗ ವಸೂಲಾಗುತ್ತದೆ.

ಹಾಲಿನ್ಸ್ ಫಾರ್ಮ್ ಕಡೆಯಿಂದ ಹತ್ತಿದೆವು. ಮೊದಲು ಕುರಿ ಮೇಯುವ ಹೊಲ, ಆಮೇಲೆ ಜರಿಗಿಡದ ಇಳಿಜಾರು, ಕೊನೆಗೆ ಬೋಳು ಹುಲ್ಲು. ದಾರಿಯ ಪ್ರತಿ ದಣಪೆಯನ್ನೂ ಅಮ್ಮನೇ ತೆಗೆದು, ನಾವು ದಾಟಿದ ಮೇಲೆ ಚಿಲಕ ಹಾಕಿದಳು. ಮೂಡಿಗೆರೆ ಹತ್ತಿರ ತೋಟದಲ್ಲಿ ನಲವತ್ತು ವರ್ಷ ಏರಿ ಇಳಿದ ಕಾಲು, ಅವಳಿಗೆ ಇದು ಲೆಕ್ಕಕ್ಕೇ ಇಲ್ಲ. ಅಪ್ಪನಿಗೆ ಎರಡು ಕೋಲು ಕೊಟ್ಟಿದ್ದೆ. ಕೋಲಿನ ಉದ್ದವನ್ನು ಏರಿಗೆ ಕಡಿಮೆ, ಇಳಿಜಾರಿಗೆ ಜಾಸ್ತಿ ಮಾಡಿಕೊಟ್ಟೆ. ಉಸಿರು ಕಟ್ಟುವ ಮೊದಲೇ ನಿಲ್ಲಬೇಕು, ಕಟ್ಟಿದ ಮೇಲಲ್ಲ. ಯುವಕರು ಅರ್ಧ ಗಂಟೆಯಲ್ಲಿ ಹತ್ತುವ ಏರಿಗೆ ನಮಗೆ ಒಂದೂಕಾಲು ಗಂಟೆ ಹಿಡಿದಿರಬಹುದು. ಮಧ್ಯೆ ಗಾಳಿ ತಾಗದ ಒಂದು ಕಲ್ಲುಗೋಡೆಯ ಮೂಲೆ ಇದೆ. ಮೂವರು ಆರಾಮಾಗಿ ಕೂರಬಹುದು, ಇಡೀ ಹಳ್ಳಿ ಕಾಣುತ್ತದೆ. ಅದು ಎಲ್ಲಿ ಅಂತ ಮಾತ್ರ ಇಲ್ಲಿ ಬರೆಯೋದಿಲ್ಲ. ಹುಡುಕಿದವರಿಗೆ ಸಿಗುತ್ತದೆ.

ಮೇಲೆ ದಿಕ್ಕು ತೋರಿಸುವ ಕಲ್ಲಿನ ಕಂಬವಿದೆ. ಅಲ್ಲಿ ನಿಂತಾಗ ಈ ಜಾಗದ ರಚನೆ ಅಪ್ಪನಿಗೆ ಒಂದೇ ನೋಟಕ್ಕೆ ಅರ್ಥವಾಯಿತು. ಉತ್ತರಕ್ಕೆ ಈಡೇಲ್: ಹಸಿರು ಹೊಲಗಳು, ಅವುಗಳ ನಡುವೆ ಕಲ್ಲುಗೋಡೆಗಳು, ಆಟಿಕೆಯಷ್ಟು ಚಿಕ್ಕದಾಗಿ ಹೋಗುವ ರೈಲು. ಅದರ ಹಿಂದೆ ಕಿಂಡರ್‌ನ ಕಂದು ಗೋಡೆ, ನೆತ್ತಿಯ ಮೇಲೆ ಚಪ್ಪಟೆ ಮೂರ್‌ಲ್ಯಾಂಡ್, ಅಂದರೆ ಮರವಿಲ್ಲದ ಜೌಗು ಬಯಲು. ಹೊಲದ ಹಸಿರು ಒಂದು ಗೋಡೆಯ ಹತ್ತಿರ ಗೆರೆ ಹೊಡೆದ ಹಾಗೆ ನಿಲ್ಲುತ್ತದೆ. ಅಲ್ಲಿಂದಾಚೆ ಹೆದರ್ ಅನ್ನೋ ಕುರುಚಲು ಗಿಡ, ಜೊಂಡು, ಕೊಳೆತ ಗಿಡಗಳಿಂದಾದ ಪೀಟ್ ಮಣ್ಣು. ದಕ್ಷಿಣಕ್ಕೆ ಕ್ಯಾಸಲ್‌ಟನ್, ಅದರ ಕೋಟೆ, ದೂರದಲ್ಲಿ ಸಿಮೆಂಟ್ ಕಾರ್ಖಾನೆಯ ಚಿಮಣಿ.

"ಈ ಗುಡ್ಡದ ಮೇಲೆ ಯಾರು ಬೇಕಾದರೂ ನಡೀಬಹುದಾ?" ಅಂತ ಅಪ್ಪ ಕೇಳಿದರು. ತೋಟದವರಲ್ವಾ, ಬೇಲಿಯ ವಿಷಯ ಮೊದಲು ಬರುತ್ತದೆ. 1932ರ ಏಪ್ರಿಲ್ 24ರ ಕಥೆ ಹೇಳಿದೆ. ಆಗ ಕಿಂಡರ್ ಜಮೀನ್ದಾರರ ಗ್ರೌಸ್ ಹಕ್ಕಿ ಬೇಟೆಯ ಜಾಗ. ಹೇಫೀಲ್ಡ್ ಕಡೆಯಿಂದ ನೂರಾರು ಜನ ಬೇಕಂತಲೇ ನುಗ್ಗಿದರು, ಐದು ಜನ ಜೈಲಿಗೆ ಹೋದರು. 1951ರಲ್ಲಿ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್‌ನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಇಂಥ ಬೋಳುಗುಡ್ಡಗಳಲ್ಲಿ ನಡೆಯುವ ಹಕ್ಕು 2000ದಲ್ಲಿ ಕಾನೂನಾಯಿತು. ಅಪ್ಪ ಬಹಳ ಹೊತ್ತು ಅದೇ ಮಾತಾಡಿದರು. ನಾನು ಹೇಳಿದ ಕಥೆಯನ್ನು ಅವರು ಇಷ್ಟು ಗಮನವಿಟ್ಟು ಕೇಳಿದ್ದು ಕಡಿಮೆ.

ಊಟದ ವಿಷಯದಲ್ಲಿ ನಾನು ತುಂಬಾ ಪ್ರಯೋಗ ಮಾಡಿದ್ದೇನೆ. ಚಪಾತಿ ರೋಲ್ ಚಳಿಗಾಳಿಗೆ ಚಕ್ಕಳವಾಗುತ್ತದೆ. ಮೊಸರನ್ನ ತಣ್ಣಗೆ ಗಟ್ಟಿಯಾಗಿ ಗಂಟಲಲ್ಲಿ ಇಳಿಯಲ್ಲ. ಉಪ್ಪಿಟ್ಟು ಫ್ಲಾಸ್ಕಿನಲ್ಲಿ ಮುದ್ದೆಯಾಗುತ್ತದೆ. ಗೆದ್ದದ್ದು ಪುಳಿಯೋಗರೆ, ಜೊತೆಗೆ ಫ್ಲಾಸ್ಕಿನಲ್ಲಿ ಕುದಿಯುವ ಮೆಣಸಿನ ಸಾರು. ಫ್ಲಾಸ್ಕಿಗೆ ಮೊದಲು ಬಿಸಿನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲಬೇಕು, ಆಮೇಲೆ ಸಾರು. ಗುಡ್ಡದ ಮೇಲೆ ಮುಚ್ಚಳ ತೆಗೆದಾಗ ಒಗ್ಗರಣೆಯ ಇಂಗಿನ ವಾಸನೆ ಎಷ್ಟು ದೂರ ಹೋಯಿತೋ, ಪಕ್ಕದಲ್ಲಿ ಕೂತ ಇಬ್ಬರು ಹಿರಿಯ ಇಂಗ್ಲಿಷ್ ಹೆಂಗಸರು ಏನದು ಅಂತ ಕೇಳಿದರು. ಅಮ್ಮ ಫ್ಲಾಸ್ಕಿನ ಮುಚ್ಚಳದಲ್ಲೇ ಬಗ್ಗಿಸಿ ಕೊಟ್ಟಳು. ಅವರು ಎರಡನೇ ಸಲ ಕೇಳಿ ಕುಡಿದರು.

ಸೀರೆಗೂ ಒಂದು ಉಪಾಯ ಸಿಕ್ಕಿತು. ಹತ್ತಿ ಬೇಡ, ಸಿಂಥೆಟಿಕ್ ಸೀರೆ, ಗೇಣು ಮೇಲೆತ್ತಿ ಉಟ್ಟು ಒಳಗೆ ಥರ್ಮಲ್ ಪ್ಯಾಂಟು, ಮೊಣಕಾಲ ಕೆಳಗೆ ಗೇಟರ್ ಅನ್ನೋ ಕಾಲುಕವಚ. ಎಷ್ಟು ನೆನೆದರೂ ಬೇಗ ಒಣಗುತ್ತದೆ.

ಹವಾಮಾನಕ್ಕೆ ಊರಿನ ಮುನ್ಸೂಚನೆ ನಂಬಬೇಡಿ. ಇಲ್ಲಿನ ಹವಾಮಾನ ಇಲಾಖೆ ಮೆಟ್ ಆಫೀಸಿನವರು ಪೀಕ್ ಡಿಸ್ಟ್ರಿಕ್ಟ್ ಗುಡ್ಡಗಳಿಗೇ ಬೇರೆ ಕೊಡುತ್ತಾರೆ. ಅದರಲ್ಲಿ ಮಳೆಗಿಂತ ಮೊದಲು ಗಾಳಿ ಮತ್ತು ಮೋಡದ ಎತ್ತರ ನೋಡಿ. ಅದರ ಜೊತೆ ನಾನು ಇನ್ನೂ ಒಂದು ಗುರುತು ನೋಡುತ್ತೇನೆ. ಅದು ನನ್ನ ಹತ್ತಿರವೇ ಇರಲಿ.

ಕ್ಯಾಸಲ್‌ಟನ್ ಕಡೆಗೆ ಇಳಿಯುವುದು ಇನ್ನೂ ಸಲೀಸು. ಅಲ್ಲಿಂದ ಶೆಫೀಲ್ಡ್‌ಗೆ 272 ನಂಬರಿನ ಬಸ್ಸು, ತಲೆಗೆ ಮೂರು ಪೌಂಡ್ ಹತ್ತಿರ ಕೊಟ್ಟ ನೆನಪು. ವಾಪಸ್ ರೈಲಿಗಾಗಿ ಮತ್ತೆ ಗುಡ್ಡ ಹತ್ತಬೇಕಿಲ್ಲ, ಇದೇ ಈ ದಾರಿಯ ಜೀವಾಳ. ರೈಲು, ಬಸ್ಸು, ಟೀ, ಸ್ಕೋನ್ ಎಲ್ಲ ಸೇರಿ ಮೂವರಿಗೆ ನಲವತ್ತು ಪೌಂಡ್ ಒಳಗೇ ಮುಗಿಯಿತು. ಮಾರನೇ ದಿನ ಅಪ್ಪ ಎಂದಿನಂತೆ ಬೆಳಿಗ್ಗೆ ಪಾರ್ಕಿಗೆ ವಾಕಿಂಗ್ ಹೋದರು.

ಅಮ್ಮನಿಗೆ ಮೂರ್‌ಲ್ಯಾಂಡ್ ದೂರದಿಂದ ನೋಡಿದ್ದು ಸಾಲಲಿಲ್ಲ. ಇನ್ನೊಂದು ದಿನ ನಾವಿಬ್ಬರೇ ಕಿಂಡರ್ ಮೇಲಕ್ಕೆ ಹೋದೆವು, ಅಪ್ಪ ಕೆಳಗೆ ಕೆಫೆಯಲ್ಲಿ ಪೇಪರ್ ಓದುತ್ತ ಕೂತರು. ಪೆನೈನ್ ಬೆಟ್ಟಸಾಲಿನ ಕಡೆಯ ಈ ಗುಡ್ಡಗಳಲ್ಲಿ ದಾರಿಗೆ ಹಾಸಿದ ಚಪ್ಪಡಿಗಳಲ್ಲಿ ಎಷ್ಟೋ ಹಳೇ ಹತ್ತಿ ಗಿರಣಿಗಳ ನೆಲದವು, ಹೆಲಿಕಾಪ್ಟರ್‌ನಲ್ಲಿ ತಂದು ಹಾಕಿದ್ದು. ಚಪ್ಪಡಿ ಪಕ್ಕದ ಕಪ್ಪು ಮಣ್ಣಿಗೆ ಕೋಲು ಊರಿದೆ, ಅರ್ಧಕ್ಕಿಂತ ಜಾಸ್ತಿ ಇಳಿಯಿತು. ಪೀಟ್ ವರ್ಷಕ್ಕೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಮಾತ್ರ ಬೆಳೆಯುತ್ತದೆ. ಅಮ್ಮ ಒಂದು ಹಿಡಿ ಸ್ಫ್ಯಾಗ್ನಮ್ ಪಾಚಿ ಹಿಂಡಿದಳು, ನೀರು ಮೊಣಕೈವರೆಗೆ ಹರಿಯಿತು. ಹಿಂಡಿದ್ದನ್ನು ಇದ್ದ ಜಾಗದಲ್ಲೇ ವಾಪಸ್ ಒತ್ತಿ ಇಟ್ಟಳು. ಹೆದರ್ ನೇರಳೆ ಬಣ್ಣ ತಿರುಗುವುದು ಆಗಸ್ಟ್‌ನಲ್ಲಿ. ಮುಂದಿನ ವರ್ಷದ ಟಿಕೆಟ್ಟನ್ನು ಅದಕ್ಕೆ ಸರಿಯಾಗಿ ಮಾಡು ಅಂತ ಈಗಲೇ ಹೇಳಿಟ್ಟಿದ್ದಾಳೆ.