ಜರಡಿಯ ಮೇಲೆ ಉಳಿದದ್ದು: ಗ್ಲೊಮೆರುಲಸ್ ಬೇರ್ಪಡಿಸಿದ ನನ್ನ ಅನುಭವ

ಮಧುಮೇಹ ಬಂದ ಇಲಿಯ ಮೂತ್ರದಲ್ಲಿ ರಕ್ತದ ಪ್ರೋಟೀನಾದ ಅಲ್ಬುಮಿನ್ ಸೋರತೊಡಗಿದಾಗ, ಮೂತ್ರಪಿಂಡದ ಸೋಸುವ ಘಟಕವಾದ ಗ್ಲೊಮೆರುಲಸ್‌ನಲ್ಲಿ ನೆಫ್ರಿನ್ ಎಂಬ ಪ್ರೋಟೀನಿಗೆ ಏನಾಗುತ್ತದೆ ಎಂಬುದು ನನ್ನ ಸಂಶೋಧನೆಯ ಪ್ರಶ್ನೆಯಾಗಿತ್ತು. ಗ್ಲೊಮೆರುಲಸ್‌ನ ಲೋಮನಾಳಗಳನ್ನು ಹೊರಗಿನಿಂದ ಅಪ್ಪಿಕೊಂಡಿರುವ ಪೋಡೋಸೈಟ್ ಕೋಶಗಳ ಪಾದಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಆ ಪಾದಗಳ ನಡುವಿನ, ಸುಮಾರು 40 ನ್ಯಾನೋಮೀಟರ್ ಅಗಲದ ಸಂದಿಗೆ ಅಡ್ಡಲಾಗಿ ಇರುವ ತೆಳುಪರದೆಯ ಮುಖ್ಯ ಎಳೆಯೇ ನೆಫ್ರಿನ್. ಹುಟ್ಟುವ ಮೊದಲೇ ಮೂತ್ರದಲ್ಲಿ ಪ್ರೋಟೀನು ಕಳೆದುಕೊಳ್ಳುವ ಫಿನ್‌ಲೆಂಡಿನ ಮಕ್ಕಳಲ್ಲಿ ಕೆಟ್ಟಿರುವುದು ಈ ಪ್ರೋಟೀನಿನ ಜೀನ್ ಎಂದು ಕಾರ್ಲ್ ಟ್ರಿಗ್ವಾಸನ್ ಅವರ ತಂಡ 1998ರಲ್ಲಿ ತೋರಿಸಿತು.

ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಅನುಮತಿ ಪಡೆದು ಕೆಲಸ ಆರಂಭಿಸಿದ ನಾನು, ಮೊದಲ ಸರದಿಯಲ್ಲಿ ಮೂತ್ರಪಿಂಡದ ಹೊರಪದರವನ್ನು ಇಡಿಯಾಗಿ ಅರೆದು, ಯಾವ ಪ್ರೋಟೀನಿನ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಎಂದು ತಿಳಿಸುವ ಆರ್‌ಎನ್‌ಎ ತೆಗೆದೆ. ನೆಫ್ರಿನ್‌ನ ಪ್ರಮಾಣ ಮಧುಮೇಹದ ಇಲಿಗಳಲ್ಲಿ ಬಹಳ ಕುಸಿದಿತ್ತು. ಫಲಿತಾಂಶ ನೋಡಿದ ಮಾರ್ಗದರ್ಶಕರು, "ಕಡಿಮೆಯಾದದ್ದು ನೆಫ್ರಿನ್ನೋ, ನಿಮ್ಮ ಮಾದರಿಯಲ್ಲಿನ ಗ್ಲೊಮೆರುಲಸ್ಸಿನ ಪಾಲೋ?" ಎಂದು ಕೇಳಿದರು. ಮಧುಮೇಹದ ಆರಂಭದಲ್ಲಿ ಮೂತ್ರಪಿಂಡವೇ ಹಿಗ್ಗುತ್ತದೆ, ಅದರಲ್ಲೂ ಸೋಸಿದ ದ್ರವ ಹರಿಯುವ, ಹೊರಪದರದ ಬಹುಪಾಲನ್ನು ತುಂಬಿರುವ ನಾಳಿಕೆಗಳು ದಪ್ಪವಾಗುತ್ತವೆ. ಆದ್ದರಿಂದ ಗ್ಲೊಮೆರುಲಸ್‌ನ ಆರ್‌ಎನ್‌ಎ ನಾಳಿಕೆಯ ಆರ್‌ಎನ್‌ಎಯಲ್ಲಿ ಕರಗಿಹೋದಂತೆ ಕಾಣುವುದು ಸಹಜ. ನನ್ನ ಅಂಕಿಗಳಿಗೆ ಅರ್ಥವಿರಲಿಲ್ಲ.

ಹಾಗಾಗಿ ಜರಡಿ ವಿಧಾನಕ್ಕೆ ಬಂದೆ. ಮೂತ್ರಪಿಂಡದ ಮೇಲಿನ ಪೊರೆಯನ್ನು ಸುಲಿದು, ಒಳಭಾಗವನ್ನು ಕತ್ತರಿಸಿ ತೆಗೆದು, ಉಳಿದ ಹೊರಪದರವನ್ನು ಐಸ್ ಮೇಲಿಟ್ಟ ತಟ್ಟೆಯಲ್ಲಿ ಬ್ಲೇಡಿನಿಂದ ನುಣ್ಣಗೆ ಕೊಚ್ಚುತ್ತಿದ್ದೆ. ಅದನ್ನು 180 ಮೈಕ್ರಾನ್ ಜರಡಿಯ ಮೇಲಿಟ್ಟು, ಸಿರಿಂಜಿನ ಹಿಡಿಯಿಂದ ಮೆಲ್ಲಗೆ ಒತ್ತುತ್ತ ತಣ್ಣನೆಯ ಬಫರ್ ಸುರಿಯುತ್ತಿದ್ದೆ. ಕೆಳಗಿಳಿದದ್ದು 125 ಮೈಕ್ರಾನ್ ಜರಡಿಯನ್ನು ದಾಟಿ, ಕೊನೆಗೆ 75 ಮೈಕ್ರಾನ್ ಜರಡಿಯ ಮೇಲೆ ನಿಲ್ಲುತ್ತಿತ್ತು. ಗ್ಲೊಮೆರುಲಸ್‌ಗಳು ಪ್ಲಾಸ್ಟಿಕ್ಕಿಗೆ ಬಹಳ ಅಂಟುತ್ತವೆ. ಟ್ಯೂಬು ಮತ್ತು ಪಿಪೆಟ್ ತುದಿಗಳನ್ನು ಮೊದಲೇ ಅಲ್ಬುಮಿನ್ ದ್ರಾವಣದಲ್ಲಿ ತೊಳೆಯಲು ಕಲಿಯುವವರೆಗೆ ಎಷ್ಟೋ ಮಾದರಿಯನ್ನು ಗೋಡೆಗೆ ಕಳೆದುಕೊಂಡಿದ್ದೇನೆ.

ಸೂಕ್ಷ್ಮದರ್ಶಕದಡಿ ಅವು ಹಿಪ್ಪುನೇರಳೆ ಹಣ್ಣಿನಂತೆ ಉಬ್ಬುಬ್ಬಾಗಿ, ಹೆಚ್ಚಿನವು ತಮ್ಮನ್ನು ಸುತ್ತುವರಿಯುವ ಬೌಮನ್ ಸಂಪುಟವೆಂಬ ಹೊದಿಕೆಯನ್ನು ಕಳಚಿಕೊಂಡು ಕಾಣುತ್ತಿದ್ದವು; ನಡುವೆ ಮುರಿದ ಶ್ಯಾವಿಗೆಯಂತೆ ಬಿದ್ದಿದ್ದದ್ದು ನಾಳಿಕೆಗಳ ತುಂಡು. ಒಂದು ಹನಿಯಲ್ಲಿ ಎರಡನ್ನೂ ಎಣಿಸಿ ಬರೆದಿಡದೆ ಮುಂದಿನ ಹಂತಕ್ಕೆ ಹೋಗಬಾರದೆಂಬ ನಿಯಮವನ್ನು ಅಂದಿನಿಂದ ಪಾಲಿಸುತ್ತಿದ್ದೇನೆ.

ಆದರೂ ಮಧುಮೇಹದ ಇಲಿಗಳಿಂದ ಸಿಗುವ ಗ್ಲೊಮೆರುಲಸ್‌ಗಳ ಸಂಖ್ಯೆ ಪದೇ ಪದೇ ಕಡಿಮೆಯೇ ಬರುತ್ತಿತ್ತು. ಕಾರಣ ಹುಡುಕುತ್ತ ಒಂದು ಸಂಜೆ, ಬಿಸಾಡಬೇಕಿದ್ದ 125 ಮೈಕ್ರಾನ್ ಜರಡಿಯನ್ನು ತಲೆಕೆಳಗು ಮಾಡಿ ತೊಳೆದು ಆ ನೀರನ್ನು ನೋಡಿದೆ. ದೊಡ್ಡ ದೊಡ್ಡ ಗ್ಲೊಮೆರುಲಸ್‌ಗಳು ಅಲ್ಲಿದ್ದವು. ಮಧುಮೇಹ ಗ್ಲೊಮೆರುಲಸ್‌ಗಳನ್ನೂ ಹಿಗ್ಗಿಸುತ್ತದೆ ಎಂಬುದು ನನಗೆ ಗೊತ್ತಿತ್ತು; ಆದರೆ ರೋಗದಿಂದ ಹೆಚ್ಚು ಹಿಗ್ಗಿದವನ್ನೇ ನನ್ನ ಜರಡಿ ಬೇರ್ಪಡಿಸಿ ಎಸೆಯುತ್ತಿದೆ ಎಂದು ಹೊಳೆದಿರಲಿಲ್ಲ. ಆಮೇಲೆ ನಡುವಿನ ಜರಡಿಯನ್ನು 150 ಮೈಕ್ರಾನ್‌ಗೆ ಬದಲಿಸಿ, ಮಧುಮೇಹವಿರುವ ಮತ್ತು ಇಲ್ಲದ ಎರಡೂ ಗುಂಪಿನ ಇಲಿಗಳಲ್ಲಿ ಪ್ರಯೋಗವನ್ನು ಮೊದಲಿನಿಂದ ಮಾಡಿದೆ.

ಶುದ್ಧ ಗ್ಲೊಮೆರುಲಸ್ ಕೈಗೆ ಬಂದ ಮೇಲೂ ಒಂದು ಗಂಟು ಉಳಿದಿತ್ತು. ಪೋಡೋಸೈಟ್‌ಗಳು ಪ್ರೌಢಾವಸ್ಥೆಯಲ್ಲಿ ವಿಭಜನೆಗೊಂಡು ಮರುತುಂಬಿಕೊಳ್ಳುವುದು ತೀರಾ ಕಡಿಮೆ. ಕಳಚಿ ಮೂತ್ರಕ್ಕೆ ಬಿದ್ದದ್ದು ಬಹುಮಟ್ಟಿಗೆ ಹೋದಂತೆಯೇ. ಹಾಗಾದರೆ ನೆಫ್ರಿನ್ ಇಳಿದದ್ದು ಕೋಶಗಳು ಕಡಿಮೆಯಾದ್ದರಿಂದಲೋ, ಇರುವ ಕೋಶಗಳೇ ಅದನ್ನು ಕಡಿಮೆ ತಯಾರಿಸುತ್ತಿವೆಯೋ? ಎಲ್ಲ ಜೀವಕೋಶಗಳಲ್ಲೂ ಇರುವ ಸಾಮಾನ್ಯ ಜೀನಿಗೆ ಹೋಲಿಸುವುದು ಇಲ್ಲಿ ಸಾಲದು ಎಂಬುದು ನನ್ನ ದೃಢ ಅಭಿಪ್ರಾಯ. ನಾನು ಡಬ್ಲ್ಯೂಟಿ1 ಎಂಬ ಪೋಡೋಸೈಟ್ ಗುರುತಿಗೆ ಹೋಲಿಸಿದೆ, ಜೊತೆಗೆ ಇನ್ನೊಂದು ಮೂತ್ರಪಿಂಡದ ತೆಳು ಸೀಳುಗಳಲ್ಲಿ ಆ ಗುರುತು ಹೊತ್ತ ಕೋಶಕೇಂದ್ರಗಳನ್ನು ಎಣಿಸಿದೆ. ಪ್ರತಿ ಪೋಡೋಸೈಟಿಗೆ ನೆಫ್ರಿನ್ ಇಳಿದದ್ದು ನಿಜವೇ ಆಗಿತ್ತು. ಆದರೆ ಹೊರಪದರವನ್ನು ಇಡಿಯಾಗಿ ಅರೆದಾಗ ಕಂಡದ್ದಕ್ಕಿಂತ ಅದು ಬಹಳ ಚಿಕ್ಕದು, ಉಳಿದ ವ್ಯತ್ಯಾಸವೆಲ್ಲ ಕೋಶಗಳ ಸಂಖ್ಯೆ ಮತ್ತು ನಾಳಿಕೆಗಳ ಹಿಗ್ಗಿನದಾಗಿತ್ತು. ಈಗ ನಮ್ಮ ಪ್ರಯೋಗಾಲಯದಲ್ಲಿ ಮೇಲಿನ ಎರಡು ಜರಡಿಗಳನ್ನು ತೊಳೆದ ನೀರನ್ನೂ ಸೂಕ್ಷ್ಮದರ್ಶಕದಡಿ ನೋಡಿದ ನಂತರವೇ ಚೆಲ್ಲುತ್ತೇವೆ.