ಮಳೆ ಹಿಡಿದ ಮೇಲೆ ಬಿ.ಆರ್.ಪಿ. ಮೀನುಮರಿ ಕೇಂದ್ರಕ್ಕೆ ಹೋಗಿ

ಭದ್ರಾ ಅಣೆಕಟ್ಟು ನೋಡಲು ಬಂದವರು ಕೆಲವರು ಬಿ.ಆರ್.ಪಿ. (ಭದ್ರಾ ಜಲಾಶಯ ಯೋಜನೆ) ಮೀನುಮರಿ ಕೇಂದ್ರಕ್ಕೂ ಒಂದು ಸುತ್ತು ಹಾಕುತ್ತಾರೆ. ‘ಬರೀ ತೊಟ್ಟಿ, ಬರೀ ನೀರು’ ಅಂತ ಹೊರಟುಬಿಡುತ್ತಾರೆ. ಬೇಸಿಗೆ ರಜೆಯಲ್ಲಿ ಹೋದರೆ ಹಾಗೇ ಕಾಣುತ್ತದೆ. ಕಾಟ್ಲಾ, ರೋಹು, ಮೃಗಾಲ್ ಎಂಬ ಗೆಂಡೆ ಜಾತಿಯ ಮೀನುಗಳು ಮೊಟ್ಟೆ ಇಡುವುದು ಮಳೆಗಾಲದಲ್ಲಿ. ಹಾಗಾಗಿ ಜೂನ್ ಕೊನೆಯಿಂದ ಆಗಸ್ಟ್ ಒಳಗೆ ಹೋಗಿ. ಕೊಡೆ ಹಿಡಿದುಕೊಂಡೇ ಹೋಗಿ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಮುಂಚೆಯೇ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೆ ಶಾಲೆಯಿಂದ ಒಂದು ಪತ್ರ ಕೊಡಿ. ಪತ್ರದಲ್ಲಿ ‘ಮರಿ ಮಾಡಿಸುವ ದಿನವೇ ಬರಬೇಕು’ ಎಂದು ಬರೆಯಿರಿ. ಸಂಜೆ ಮೀನಿಗೆ ಹಾರ್ಮೋನ್ ಚುಚ್ಚುಮದ್ದು ಕೊಡುತ್ತಾರೆ, ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಮೊಟ್ಟೆ ಇಟ್ಟಿರುತ್ತವೆ. ಅದಕ್ಕೇ ಬೆಳಿಗ್ಗೆ ಬೇಗ ತಲುಪಬೇಕು. ಭದ್ರಾವತಿಯಿಂದ ಬಸ್ಸಿದೆ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಅಲ್ಲೇ ಹತ್ತಿರ. ಚಪ್ಪಲಿ ಜಾರುತ್ತದೆ, ಶೂ ಹಾಕಿಸಿ.

ಒಳಗೆ ಹೋದ ಕೂಡಲೇ ಮೀನು ಹುಡುಕಬೇಡಿ. ಮೊದಲು ನೀರು ನೋಡಿ. ಗುಂಡಗಿನ ಸಿಮೆಂಟ್ ತೊಟ್ಟಿಯಲ್ಲಿ ನೀರು ಸುಮ್ನೆ ನಿಂತಿರುವುದಿಲ್ಲ, ಸುತ್ತುತ್ತಲೇ ಇರುತ್ತದೆ. ಯಾಕೆ? ಈ ಮೀನುಗಳಿಗೆ ಮೊಟ್ಟೆ ಇಡಲು ಹೊಸ ನೀರು ತುಂಬಿ ಹರಿಯುವ ಹೊಳೆ ಬೇಕು. ನಿಂತ ಕೆರೆಯಲ್ಲಿ ಅವು ಬೆಳೆಯುತ್ತವೆ, ಮರಿ ಮಾಡುವುದಿಲ್ಲ. ಹಿಂದೆ ಪ್ರವಾಹದ ಹೊಳೆಗಳಲ್ಲೇ ಮರಿ ಸೋಸಿ ತರಬೇಕಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುಂಞಿ ಹಾರ್ಮೋನ್ ಚುಚ್ಚಿ ಗೆಂಡೆ ಮೀನುಗಳಿಂದ ಮೊಟ್ಟೆ ಇಡಿಸಿದರು. ಜುಲೈ 10ನ್ನು ಮೀನು ಕೃಷಿಕರ ದಿನವಾಗಿ ಆಚರಿಸುವುದು ಅದರ ನೆನಪಿಗೇ.

ತಾಯಿ ಮೀನು, ಗಂಡು ಮೀನು ಹತ್ತಿರದಿಂದ ನೋಡಲು ಸಿಕ್ಕರೆ, ಸಿಬ್ಬಂದಿಯನ್ನು ಕೇಳಿ ಎದೆಯ ಪಕ್ಕದ ರೆಕ್ಕೆ ಮುಟ್ಟಿ ನೋಡಿ. ಈ ಕಾಲದಲ್ಲಿ ಗಂಡಿನದು ಉಪ್ಪುಕಾಗದದ ಹಾಗೆ ಒರಟು, ಹೆಣ್ಣಿನದು ನುಣುಪು. ಕೈ ಒದ್ದೆ ಮಾಡಿಕೊಂಡೇ ಮುಟ್ಟಿ, ಒಣ ಕೈಗೆ ಮೀನಿನ ಮೈಯ ಲೋಳೆ ಕಿತ್ತು ಬರುತ್ತದೆ. ಬಾಯಿಯನ್ನೂ ನೋಡಿಸಿ. ಕಾಟ್ಲಾದ ಬಾಯಿ ಮೇಲಕ್ಕೆ ತಿರುಗಿದೆ, ಮೃಗಾಲ್‌ನದು ಕೆಳಕ್ಕೆ. ಯಾವುದು ನೀರಿನ ಮೇಲ್ಭಾಗದಲ್ಲಿ ಮೇಯುತ್ತದೆ, ಯಾವುದು ತಳದಲ್ಲಿ ಎಂದು ನಾನು ಹೇಳಿಕೊಡುವುದಿಲ್ಲ. ಮಕ್ಕಳೇ ಹೇಳುತ್ತಾರೆ.

ಆಮೇಲೆ ಮೊಟ್ಟೆ. ಒಂದು ಬಿಳಿ ತಟ್ಟೆ ಮನೆಯಿಂದಲೇ ತೆಗೆದುಕೊಂಡು ಹೋಗಿ. ಸಿಬ್ಬಂದಿ ಅದರಲ್ಲಿ ತೊಟ್ಟಿಯ ನೀರು ಸ್ವಲ್ಪ ಹಾಕಿ ಕೊಟ್ಟರೆ ನೆನೆಸಿದ ಸಬ್ಬಕ್ಕಿಯಂಥ ಮಣಿಗಳು ಕಾಣುತ್ತವೆ. ಮೊಟ್ಟೆಗಳನ್ನು ಮರಿಯಾಗಲು ಬಿಡುವ ಎರಡನೇ ತೊಟ್ಟಿಯಲ್ಲಿ 14ರಿಂದ 18 ಗಂಟೆಯೊಳಗೆ ಅವು ಒಡೆದು ಮರಿಯಾಗುತ್ತವೆ. ಮೂರು ದಿನ ಹೊಟ್ಟೆಗಂಟಿದ ಹಳದಿ ಚೀಲವೇ ಊಟ.

ನಮ್ಮೂರು ತೀರ್ಥಹಳ್ಳಿ ಕಡೆ. ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಏರಿ ಬರುವ ಹತ್ತುಮೀನನ್ನು ಕತ್ತಿ, ದೊಣ್ಣೆ ಹಿಡಿದು ಹೊಡೆಯುವುದನ್ನು ನೋಡಿಯೇ ಬೆಳೆದವಳು ನಾನು. ಹೋದ ವರ್ಷ ಆ ತಟ್ಟೆ ಹಿಡಿದ ಹುಡುಗನೊಬ್ಬ ತುಂಬಾ ಹೊತ್ತು ಸುಮ್ಮನಿದ್ದು ಕೇಳಿದ: ‘ಮಿಸ್, ಹತ್ತುಮೀನು ಬರುವುದೂ ಇದಕ್ಕೇನಾ?’ ಹೌದು, ಅವು ಮೊಟ್ಟೆ ಇಡಲಿಕ್ಕೇ ಏರುವುದು. ಈ ಪ್ರಶ್ನೆ ಬರಲಿ ಅಂತಲೇ ನಾನು ಅಷ್ಟು ದೂರ ಕರೆದುಕೊಂಡು ಹೋಗುವುದು. ನೀವೂ ತಟ್ಟೆಯ ಹತ್ತಿರ ಅವಸರ ಮಾಡಬೇಡಿ.

ಕೃಷಿ ಹೊಂಡ ಇದ್ದವರು ಮರಿಗಳನ್ನು ಕೊಳ್ಳುವುದಾದರೆ ಬೆರಳುದ್ದದ ‘ಬಲಿತ ಬಿತ್ತನೆ’ ಇದೆಯೇ ಎಂದು ಕೇಳಿ. ತೀರಾ ಸಣ್ಣವನ್ನು ಕಪ್ಪೆ, ನೀರುಹುಳು ತಿಂದುಬಿಡುತ್ತವೆ. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಡುತ್ತಾರೆ, ದಾರಿಯಲ್ಲಿ ಬಿಸಿಲಿಗೆ ಇಡಬೇಡಿ. ಮನೆಗೆ ಬಂದ ಕೂಡಲೇ ಸುರಿಯಲೂ ಬೇಡಿ. ಮೊದಲ ಸಲ ನಾನು ಹಾಗೇ ಸುರಿದೆ. ಚೀಲದ ನೀರಿಗೂ ಹೊಂಡದ ನೀರಿಗೂ ಬಿಸಿ ಹೊಂದಲಿಲ್ಲ, ಮಾರನೇ ದಿನ ಅರ್ಧ ಮರಿ ಬಿಳಿಚಿ ತೇಲುತ್ತಿದ್ದವು. ಈಗಲೂ ನೆನೆದರೆ ಸಂಕಟವಾಗುತ್ತದೆ. ಕಟ್ಟಿದ ಚೀಲವನ್ನು ಹಾಗೇ 15–20 ನಿಮಿಷ ಹೊಂಡದಲ್ಲಿ ತೇಲಲು ಬಿಡಿ. ಆಮೇಲೆ ಬಾಯಿ ಬಿಚ್ಚಿ, ಹೊಂಡದ ನೀರನ್ನು ಸ್ವಲ್ಪ ಸ್ವಲ್ಪವೇ ಒಳಗೆ ಸೇರಿಸಿ, ಚೀಲ ಓರೆ ಮಾಡಿ ಹಿಡಿದುಕೊಳ್ಳಿ. ಮರಿಗಳು ತಾವಾಗಿಯೇ ಈಜಿ ಹೊರಗೆ ಬರುತ್ತವೆ.